ಉಪ್ಪುನೀರು, ಹೈಡ್ರೋಜನ್, ಕುಡಿಯುವ ನೀರು: ಬಯಲುಸೀಮೆಯ ಊರಿಗೆ ಯಾವುದು ಹೊಂದುತ್ತದೆ?

ಸಮುದ್ರದ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯಬಹುದು. ಆ ಹೈಡ್ರೋಜನ್ನನ್ನು ಫ್ಯೂಯೆಲ್ ಸೆಲ್‌ಗೆ ಕೊಟ್ಟರೆ ಕರೆಂಟು ಬರುತ್ತದೆ, ಜೊತೆಗೆ ಶುದ್ಧ ನೀರೂ ತೊಟ್ಟಿಕ್ಕುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲಿನ ಕಡೆಯವರು ಇದನ್ನು ಕೇಳಿದಾಗ ಮನಸ್ಸಿಗೆ ಬರುವ ಪ್ರಶ್ನೆಯೂ ಸಹಜವಾದದ್ದೇ: ನಮಗೆ ಸಮುದ್ರವಿಲ್ಲ, ಆದರೆ ಸಾವಿರ ಅಡಿ ಬೋರಿನಿಂದ ಬರುವ ಸವಳು ನೀರಿದೆ, ಬಿಸಿಲು ಬೇಕಾದಷ್ಟಿದೆ, ಕುಡಿಯುವ ನೀರಿಗೂ ರಾತ್ರಿಯ ದೀಪಕ್ಕೂ ಒಂದೇ ಯಂತ್ರ ಸಾಲದೇ?

ಪಂಚಾಯಿತಿ, ಶಾಲೆ, ಹಾಲಿನ ಡೇರಿ, ಕಾಲೇಜು, ತೋಟದ ಮನೆ, ಯಾರೇ ಈ ಆಯ್ಕೆಯ ಮುಂದೆ ನಿಂತಿದ್ದರೂ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕುಡಿಯುವ ನೀರಿಗಾಗಿ ಹೈಡ್ರೋಜನ್ ಆರಿಸಬೇಡಿ. ಒಂದು ರಾತ್ರಿಯ ಕರೆಂಟಿಗಾಗಿಯೂ ಬೇಡ. ಹಲವು ದಿನಗಳ ಕರೆಂಟನ್ನು ಕೂಡಿಡಲೇಬೇಕಾದ ಅಪರೂಪದ ಜಾಗದಲ್ಲಿ ಮಾತ್ರ ಅದನ್ನು ಯೋಚಿಸಿ. ಅಲ್ಲಿಯೂ ನೀರನ್ನು ಉಪ್ಪು ಬಿಡಿಸಿದ ಮೇಲೆಯೇ ಯಂತ್ರಕ್ಕೆ ಕೊಡಿ. ಏಕೆ ಎಂಬುದಕ್ಕೆ ಲೆಕ್ಕ ಕೆಳಗಿದೆ.

ಒಂದು ಕಿಲೋ ಹೈಡ್ರೋಜನ್ನಿನ ಜಮಾಖರ್ಚು

ಒಂದು ಕಿಲೋ ಹೈಡ್ರೋಜನ್ ಮಾಡಲು ರಸಾಯನಶಾಸ್ತ್ರದ ಪ್ರಕಾರ ಸುಮಾರು 9 ಲೀಟರ್ ನೀರು ಒಡೆಯಬೇಕು. ಯಂತ್ರದ ಸಣ್ಣಪುಟ್ಟ ನಷ್ಟ ಸೇರಿ 10 ಲೀಟರ್ ಎಂದಿಟ್ಟುಕೊಳ್ಳಿ. ಅದೂ ಎಂಥ ನೀರು? ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗಿಂತ ಶುದ್ಧವಾದದ್ದು. ಇದರ ಜೊತೆಗೆ ಸಣ್ಣ ಗಾತ್ರದ ಎಲೆಕ್ಟ್ರೋಲೈಸರ್, ಅಂದರೆ ನೀರು ಒಡೆಯುವ ಯಂತ್ರ, ಸುಮಾರು 55 ಯೂನಿಟ್ ವಿದ್ಯುತ್ ತಿನ್ನುತ್ತದೆ.

ಆ ಒಂದು ಕಿಲೋದಲ್ಲಿ ಅಡಗಿರುವ ಶಕ್ತಿ 33 ಯೂನಿಟ್. ಫ್ಯೂಯೆಲ್ ಸೆಲ್ ಅದರಲ್ಲಿ ಅರ್ಧದಷ್ಟನ್ನು, ಅಂದರೆ ಸುಮಾರು 16 ಯೂನಿಟ್ಟನ್ನು, ಕರೆಂಟಾಗಿ ವಾಪಸು ಕೊಡುತ್ತದೆ. ಉಳಿದದ್ದು ಶಾಖ. 55 ಕೊಟ್ಟು 16 ಪಡೆಯುವ ವ್ಯವಹಾರ ಇದು. ನೂರಕ್ಕೆ ಮೂವತ್ತೂ ಕೈಗೆ ಬರುವುದಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ 85ರಿಂದ 90 ವಾಪಸು ಬರುತ್ತದೆ.

ನೀರಿನ ಕಡೆ ನೋಡಿ. ಫ್ಯೂಯೆಲ್ ಸೆಲ್‌ನಲ್ಲಿ ಹುಟ್ಟುವ ನೀರು 9 ಲೀಟರ್. ಯಂತ್ರಕ್ಕೆ ನೀವು ಕೊಟ್ಟದ್ದು 10. ನೀರನ್ನು ಯಾರೂ ಹೊಸದಾಗಿ ಸೃಷ್ಟಿಸುತ್ತಿಲ್ಲ, ಕೊಟ್ಟ ನೀರೇ ಸುತ್ತಿ ಬರುತ್ತಿದೆ. ಅದರಲ್ಲಿಯೂ ಹೆಚ್ಚಿನ ಪಾಲು ಹೊರಬರುವುದು ಆವಿಯಾಗಿ, ಯಂತ್ರ ಊದುವ ಬಿಸಿಗಾಳಿಯ ಜೊತೆ. ಆ ಗಾಳಿಯನ್ನು 40 ಡಿಗ್ರಿಗೆ ತಣಿಸಿದರೆ 9ರಲ್ಲಿ 6 ಲೀಟರ್ ಆಸುಪಾಸು ಹನಿಯಾಗಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಹೊರಗಿನ ಗಾಳಿಯೇ 37-38 ಡಿಗ್ರಿ ಇರುವಾಗ ಫ್ಯಾನು ಬೀಸಿ 40ಕ್ಕೆ ಇಳಿಸುವುದೇ ಕಷ್ಟ, ಸಿಗುವ ನೀರು ಇನ್ನೂ ಕಡಿಮೆ. ನೀರು ಹೆಚ್ಚು ಬೇಕಾದ ತಿಂಗಳಲ್ಲೇ ಯಂತ್ರ ಕಡಿಮೆ ಕೊಡುತ್ತದೆ ಎಂಬುದನ್ನು ಮರೆಯಬಾರದು.

ಈಗ ಒಂದು ಊರಿಗೆ ಅನ್ವಯಿಸೋಣ. 300 ಮನೆ, 1500 ಜನ, ಕುಡಿಯಲು ಮತ್ತು ಅಡುಗೆಗೆ ತಲೆಗೆ 5 ಲೀಟರ್. ದಿನಕ್ಕೆ 7500 ಲೀಟರ್. ಇಷ್ಟನ್ನು ಫ್ಯೂಯೆಲ್ ಸೆಲ್‌ನಿಂದ ತೆಗೆಯಬೇಕಾದರೆ, ಒಂದು ಹನಿಯೂ ಆವಿಯಾಗಿ ಹೋಗದು ಎಂದುಕೊಂಡರೂ, ದಿನಕ್ಕೆ 830 ಕಿಲೋಗಿಂತ ಹೆಚ್ಚು ಹೈಡ್ರೋಜನ್ ಬೇಕು. ಅದಕ್ಕೆ 45,000 ಯೂನಿಟ್‌ಗೂ ಮೀರಿದ ವಿದ್ಯುತ್. ನಮ್ಮ ಜಿಲ್ಲೆಗಳಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ನಾಲ್ಕು, ನಾಲ್ಕೂವರೆ ಯೂನಿಟ್ ಕೊಡುತ್ತದೆ; ಆ ಪ್ರಕಾರ 10 ಮೆಗಾವ್ಯಾಟ್‌ಗೂ ಹೆಚ್ಚಿನ ಸೋಲಾರ್ ಹಾಕಬೇಕು. ಪಾವಗಡದ ಸೋಲಾರ್ ಪಾರ್ಕು 2050 ಮೆಗಾವ್ಯಾಟ್‌ಗೆ ಸುಮಾರು 13,000 ಎಕರೆ ಹಿಡಿದಿದೆ. ಅದೇ ಲೆಕ್ಕದಲ್ಲಿ ಒಂದು ಊರಿನ ಕುಡಿಯುವ ನೀರಿಗೆ 60 ಎಕರೆಗೂ ಹೆಚ್ಚು ಜಮೀನು. ಸಂಜೆಗೆ 13,000 ಯೂನಿಟ್‌ನಷ್ಟು ಕರೆಂಟು ವಾಪಸು ಬರುತ್ತದೆ ನಿಜ. ಆದರೆ 32,000 ಯೂನಿಟ್ ಶಾಖವಾಗಿ ಗಾಳಿಗೆ ಹೋಗಿರುತ್ತದೆ. ಮೊದಲಿಗೆ ಕೊಟ್ಟ ಎಂಟು ಸಾವಿರ ಚಿಲ್ಲರೆ ಲೀಟರ್ ಶುದ್ಧ ನೀರನ್ನು ನೇರವಾಗಿ ಕುಡಿದಿದ್ದರೆ ಈ ಯಾವುದೂ ಬೇಕಿರಲಿಲ್ಲ.

ಸಮುದ್ರದ ನೀರನ್ನೇ ನೇರವಾಗಿ ಒಡೆದರೆ?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ 19 ಗ್ರಾಂ ಕ್ಲೋರೈಡ್, 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ. ಯಂತ್ರವನ್ನು ಕೆಡಿಸುವುದು ಈ ಮೂರೇ.

ಧನ ವಿದ್ಯುದ್ವಾರದಲ್ಲಿ ಆಕ್ಸಿಜನ್ ಏಳಬೇಕು. ಆದರೆ ಕ್ಲೋರೈಡ್ ಕೂಡ ಅಲ್ಲಿಯೇ ಕ್ಲೋರಿನ್ ಆಗಿ ಏಳಲು ತವಕಿಸುತ್ತದೆ. ಎರಡರ ವೋಲ್ಟೇಜ್ ಅಂತರ ಸಣ್ಣದು: ಆಕ್ಸಿಜನ್‌ಗೆ 1.23, ಕ್ಲೋರಿನ್‌ಗೆ 1.36. ಕ್ಲೋರಿನ್ ಎದ್ದರೆ ಸ್ಟೀಲು ತೂತಾಗುತ್ತದೆ, ರಬ್ಬರ್ ಸೀಲು ಒಣಗಿ ಬಿರಿಯುತ್ತದೆ, ಕೋಣೆಯಲ್ಲಿ ನಿಂತವರ ಶ್ವಾಸಕೋಶಕ್ಕೆ ಅಪಾಯ. ನೀರನ್ನು ಕ್ಷಾರೀಯ ಮಾಡಿದರೆ ಈ ಅಂತರ 0.48 ವೋಲ್ಟ್‌ವರೆಗೆ ಹಿಗ್ಗುತ್ತದೆ. ಆ ಮಿತಿಯೊಳಗೆ ನಡೆಸಿದರೆ ಆಕ್ಸಿಜನ್ ಮಾತ್ರ ಬರುತ್ತದೆ. ಆದರೆ ಕ್ಷಾರ ಹಾಕಿದ ಕೂಡಲೇ ಮೆಗ್ನೀಸಿಯಂ ಒಡೆದ ಹಾಲಿನಂತೆ ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ.

ಋಣ ವಿದ್ಯುದ್ವಾರದ ಕಥೆ ನಿಮಗೆ ಹೊಸದೇನಲ್ಲ. ಬೋರಿನ ನೀರಿನಲ್ಲಿ ಆರು ತಿಂಗಳು ಬಳಸಿದ ಕಾಯಿಲ್ ಹೀಟರನ್ನು ಬಕೆಟ್ಟಿನಿಂದ ಎತ್ತಿ ನೋಡಿ. ಸುರುಳಿಯ ಮೇಲೆ ಸುಣ್ಣದ ಬಿಳಿ ಕವಚ; ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ, ಕೆಳಗಿನ ಲೋಹ ಕಪ್ಪಾಗಿರುತ್ತದೆ. ಅಲ್ಲಿ ಕಾಯಿಸುವುದರಿಂದ ಕೂರುವ ಲವಣ, ಇಲ್ಲಿ ವಿದ್ಯುದ್ವಾರದ ಮೈಗಂಟಿದ ನೀರು ಕ್ಷಾರೀಯವಾಗುವುದರಿಂದ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ. ಕವಚ ದಪ್ಪವಾದಂತೆ ವೋಲ್ಟೇಜ್ ಏರುತ್ತದೆ, ಅನಿಲ ಇಳಿಯುತ್ತದೆ.

ಇದನ್ನು ಗೆಲ್ಲುವ ಪ್ರಯತ್ನಗಳು ಗಟ್ಟಿಯಾಗಿಯೇ ನಡೆದಿವೆ. 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಿಕ್ಕಲ್ ನೊರೆಯ ಮೇಲೆ ನಿಕ್ಕಲ್ ಸಲ್ಫೈಡ್, ಅದರ ಮೇಲೆ ನಿಕ್ಕಲ್-ಕಬ್ಬಿಣದ ಪದರ ಹಚ್ಚಿ, ಕ್ಲೋರೈಡ್ ಒಳನುಗ್ಗದಂತೆ ತಡೆದು ಸಾವಿರ ಗಂಟೆಗೂ ಹೆಚ್ಚು ನಡೆಸಿದರು. 2022ರಲ್ಲಿ ಚೀನಾದ ಸಂಶೋಧಕರು ಇನ್ನೊಂದು ದಾರಿ ಹಿಡಿದರು: ನೀರು ಒಗ್ಗದ, ಆವಿಯನ್ನು ಮಾತ್ರ ಬಿಡುವ ಪೊರೆಯ ಒಂದು ಬದಿ ಸಮುದ್ರದ ನೀರು, ಇನ್ನೊಂದು ಬದಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಉಪ್ಪು ಆಚೆಯೇ ಉಳಿಯುತ್ತದೆ. ಅದು 3200 ಗಂಟೆಗೂ ಹೆಚ್ಚು, ಅಂದರೆ 133 ದಿನ, ಓಡಿತು. ಇದು ದೊಡ್ಡ ಸಾಧನೆ. ಆದರೆ ದುಡ್ಡು ಹಾಕಿ ಕೊಳ್ಳುವವರು ನೋಡಬೇಕಾದ್ದು ಬೇರೆ: ಶುದ್ಧ ನೀರಿನಲ್ಲಿ ಓಡುವ ಮಾಮೂಲಿ ಎಲೆಕ್ಟ್ರೋಲೈಸರ್‌ಗಳ ಆಯುಷ್ಯವನ್ನು ಹತ್ತಾರು ಸಾವಿರ ಗಂಟೆಗಳಲ್ಲಿ ಎಣಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯ ಮಾತು ಇಷ್ಟು. ಸಮುದ್ರದ ನೀರಿನಿಂದ ಆರ್‌ಓ (ಒತ್ತಡ ಹಾಕಿ ನೀರನ್ನು ಪೊರೆಯ, ಅಂದರೆ ಮೆಂಬ್ರೇನಿನ, ಮೂಲಕ ಹಾಯಿಸಿ ಉಪ್ಪು ಬಿಡಿಸುವ ವಿಧಾನ) ಮೂಲಕ ಸಾವಿರ ಲೀಟರ್ ಸಿಹಿನೀರು ತೆಗೆಯಲು 3ರಿಂದ 4 ಯೂನಿಟ್ ಸಾಕು. ಒಂದು ಕಿಲೋ ಹೈಡ್ರೋಜನ್ನಿಗೆ ಬೇಕಾದ 10 ಲೀಟರ್ ನೀರಿನ ಉಪ್ಪು ಬಿಡಿಸಲು ಯೂನಿಟ್ಟಿನ ಹತ್ತನೇ ಒಂದು ಭಾಗವೂ ಬೇಡ. ಒಡೆಯಲು 55 ಯೂನಿಟ್. ಉಪ್ಪು ಬಿಡಿಸುವ ಹೆಜ್ಜೆಯನ್ನು ಉಳಿಸಲು ಹೋಗಿ ಉಳಿಯುವುದು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಬಲಿಯಾಗುವುದು ಇಡೀ ಯಂತ್ರ. ಬೋರಿನ ನೀರಿಗೂ ಈ ಮಾತು ಹಾಗೆಯೇ ಸಲ್ಲುತ್ತದೆ. "ಸವಳು ನೀರನ್ನೇ ನೇರ ಹಾಕಿ" ಎನ್ನುವ ಯಂತ್ರ ಯಾರಾದರೂ ತೋರಿಸಿದರೆ ಕೈಮುಗಿದು ವಾಪಸು ಕಳಿಸಿ.

ಸಮುದ್ರದ ನೀರನ್ನು ಇಲ್ಲಿಗೆ ತರುವುದಂತೂ ಬೇಡವೇ ಬೇಡ. ಕೋಲಾರ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಸಾವಿರ ಲೀಟರ್ ಎತ್ತಲು ಮೂರು ಯೂನಿಟ್‌ಗೂ ಹೆಚ್ಚು ಬೇಕು, ಜೊತೆಗೆ ಉಪ್ಪನ್ನೂ ಹೊತ್ತು ತಂದಂತೆ. ಚೆನ್ನೈಯಲ್ಲಿ ಮಿಂಜೂರು 2010ರಿಂದ, ನೆಮ್ಮೇಲಿ 2013ರಿಂದ ದಿನಕ್ಕೆ ತಲಾ 10 ಕೋಟಿ ಲೀಟರ್ ಸಾಮರ್ಥ್ಯದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುತ್ತಿವೆ. ಅದು ಕಡಲ ದಡದಲ್ಲಿ ಆಗಬೇಕಾದ ಕೆಲಸ. ದಡದಲ್ಲಿ ಕರೆಂಟು ಹುಟ್ಟಿದರೂ ಅದು ತಂತಿಯಲ್ಲಿ ಬರಲಿ. ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ತಂತಿಯಲ್ಲಿ ಕರೆಂಟು ಬಂದಿತ್ತು.

ಕುಡಿಯುವ ನೀರಿಗೆ: ಆರ್‌ಓ ಮತ್ತು ಮಳೆ

ನಮ್ಮಲ್ಲಿ ಮುಖ್ಯ ಶತ್ರು ಉಪ್ಪಿಗಿಂತ ಫ್ಲೋರೈಡ್. ಗ್ರಾನೈಟ್ ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಬೋರು ಆಳವಾದಷ್ಟೂ ಅಪಾಯ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, 500, ಗತಿಯಿಲ್ಲದಿದ್ದರೆ 2000. ನೈಟ್ರೇಟ್ 45. ಕೈಯಲ್ಲಿ ಹಿಡಿಯುವ ಟಿಡಿಎಸ್ ಪೆನ್ನು ಫ್ಲೋರೈಡನ್ನು ತೋರಿಸುವುದಿಲ್ಲ. ಟಿಡಿಎಸ್ 400 ಇರುವ ನೀರಿನಲ್ಲಿಯೂ ಫ್ಲೋರೈಡ್ 3 ಇರಬಹುದು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಂದು ಗೆರೆ ಬೀಳುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗದು. ಹೈಡ್ರೋಜನ್ ಅಗ್ಗವಾಗಲಿ ಎಂದು ಕಾಯುವ ಹೊತ್ತು ಈ ಮಕ್ಕಳಿಗಿಲ್ಲ.

ಆರ್‌ಓ ಫ್ಲೋರೈಡಿನ ನೂರಕ್ಕೆ 90ಕ್ಕೂ ಹೆಚ್ಚನ್ನು ತಡೆಯುತ್ತದೆ. ಸಮುದ್ರದ ನೀರಿಗೆ ಚದರ ಸೆಂಟಿಮೀಟರಿಗೆ 55-60 ಕೆಜಿ ಒತ್ತಡ ಬೇಕಾದರೆ ಬೋರಿನ ನೀರಿಗೆ 8ರಿಂದ 15 ಸಾಕು. ಗಂಟೆಗೆ 1000 ಲೀಟರಿನ ಊರ ಘಟಕದಲ್ಲಿ ಸಾಮಾನ್ಯವಾಗಿ ನಾಲ್ಕಿಂಚು ದಪ್ಪ, ನಲವತ್ತಿಂಚು ಉದ್ದದ ನಾಲ್ಕು ಮೆಂಬ್ರೇನು ಇರುತ್ತವೆ. ಅವುಗಳ ಮುಂದೆ ಮರಳಿನ ಫಿಲ್ಟರು, ಇದ್ದಿಲಿನ ಫಿಲ್ಟರು, ಸುಣ್ಣ ಕಟ್ಟದಂತೆ ತಡೆಯುವ ಔಷಧದ ಡೋಸಿಂಗ್ ಪಂಪು, 5 ಮೈಕ್ರಾನ್ ಕಾರ್ಟ್ರಿಜ್, ಹೈ ಪ್ರೆಷರ್ ಪಂಪು. ಕೊನೆಯಲ್ಲಿ ಯುವಿ ದೀಪ.

ಮೇಲಿನ ಊರಿಗೆ ದಿನಕ್ಕೆ 7500 ಲೀಟರ್ ತೆಗೆಯಲು ಘಟಕ ಏಳೂವರೆ ಗಂಟೆ ಓಡಬೇಕು, ಸುಮಾರು 15 ಯೂನಿಟ್. ಅರ್ಧ ನೀರು ರಿಜೆಕ್ಟ್ ಆಗಿ, ಅಂದರೆ ಬಿಡಿಸಿದ ಲವಣವನ್ನೆಲ್ಲ ಹೊತ್ತ ತ್ಯಾಜ್ಯ ನೀರಾಗಿ, ಹೋಗುವುದರಿಂದ ಬೋರಿನಿಂದ ಎತ್ತಬೇಕಾದ್ದು 15,000 ಲೀಟರ್; 300 ಮೀಟರ್ ಆಳದಿಂದಾದರೆ ಅದಕ್ಕೆ ಸುಮಾರು 25 ಯೂನಿಟ್. ಶುದ್ಧ ಮಾಡುವುದಕ್ಕಿಂತ ಎತ್ತುವುದಕ್ಕೇ ಹೆಚ್ಚು ಕರೆಂಟು ಎಂಬುದನ್ನು ಬಹಳ ಯೋಜನಾ ವರದಿಗಳು ಮರೆಯುತ್ತವೆ. ಒಟ್ಟು 40 ಯೂನಿಟ್, 10 ಕಿಲೋವ್ಯಾಟ್ ಸೋಲಾರ್. ಹೈಡ್ರೋಜನ್ ದಾರಿಯ 10 ಮೆಗಾವ್ಯಾಟ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಸಾವಿರದಲ್ಲಿ ಒಂದು ಪಾಲು. ಬ್ಯಾಟರಿಯೂ ಬೇಡ. ಬಿಸಿಲಿದ್ದಾಗ ನೀರು ಮಾಡಿ 10,000 ಲೀಟರಿನ ಟ್ಯಾಂಕಿನಲ್ಲಿ ತುಂಬಿಸಿಟ್ಟರೆ ಆ ಟ್ಯಾಂಕೇ ಬ್ಯಾಟರಿ. ಸಂಜೆ ಜನ ಕ್ಯಾನು ಹಿಡಿದು ಬಂದಾಗ ಬೇಕಾಗುವುದು ನಲ್ಲಿ ಮಾತ್ರ.

ಘಟಕಗಳು ನಿಂತುಹೋಗುವುದು ತಂತ್ರಜ್ಞಾನದ ದೋಷದಿಂದಲ್ಲ. ಡೋಸಿಂಗ್ ಕ್ಯಾನು ಖಾಲಿಯಾಗಿ ಹದಿನೈದು ದಿನವಾದರೂ ಯಾರೂ ನೋಡಿರುವುದಿಲ್ಲ. ಆಗ ಕೊನೆಯ ಮೆಂಬ್ರೇನಿನಲ್ಲಿ ಸುಣ್ಣ, ಸಿಲಿಕಾ ಕಟ್ಟಲು ಶುರುವಾಗುತ್ತದೆ. ಗುರುತು ಹೀಗೆ: ಒತ್ತಡದ ಮುಳ್ಳು ಮೇಲೇರುತ್ತದೆ, ಶುದ್ಧ ನೀರು ಕಡಿಮೆಯಾಗುತ್ತದೆ, ಆಮೇಲೆ ಅದರ ಟಿಡಿಎಸ್ ಹೆಚ್ಚುತ್ತದೆ. ಹರಿವು ಮೊದಲಿನದಕ್ಕಿಂತ ನೂರಕ್ಕೆ ಹತ್ತು ಇಳಿದಾಗಲೇ ಆಮ್ಲದಿಂದ ತೊಳೆದರೆ ಮೆಂಬ್ರೇನು ಉಳಿಯುತ್ತದೆ; ಅರ್ಧಕ್ಕೆ ಇಳಿದ ಮೇಲೆ ತೊಳೆದರೆ ಉಪಯೋಗವಿಲ್ಲ. ಇದಕ್ಕೆ ತದ್ವಿರುದ್ಧ ಲಕ್ಷಣವೂ ಇದೆ: ನೀರು ಜಾಸ್ತಿ ಬರುತ್ತಿದೆ, ಟಿಡಿಎಸ್ಸೂ ಜಾಸ್ತಿ. ಅದು ಕ್ಲೋರಿನ್ ಮೆಂಬ್ರೇನನ್ನು ತಿಂದ ಗುರುತು. ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ, ಇದ್ದಿಲು ಸತ್ತುಹೋಗಿದೆ ಎಂದರ್ಥ. ವಾಟರ್‌ಮನ್ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ: ದಿನಾ ಒತ್ತಡ, ಶುದ್ಧ ನೀರಿನ ಹರಿವು, ರಿಜೆಕ್ಟ್ ಹರಿವು, ಟಿಡಿಎಸ್, ಡೋಸಿಂಗ್ ಕ್ಯಾನಿನ ಮಟ್ಟ. ಐದು ಅಂಕಿ, ಎರಡು ನಿಮಿಷ.

ರಿಜೆಕ್ಟ್ ನೀರಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. 3 ಮಿಲಿಗ್ರಾಂ ಫ್ಲೋರೈಡಿನ ನೀರು ಒಳಗೆ ಹೋದರೆ ರಿಜೆಕ್ಟಿನಲ್ಲಿ ಆರರ ಹತ್ತಿರ ಇರುತ್ತದೆ. ಘಟಕದ ಹಿಂದೆ ಆ ಪೈಪು ಬಿಡುವ ಹೊಂಡದಲ್ಲಿ ದನ ನೀರು ಕುಡಿಯಬಾರದು, ಆ ನೀರನ್ನು ಹಳೇ ಬೋರಿಗೆ ಇಂಗಿಸಲೂಬಾರದು. ಶಾಲೆಯ ಶೌಚಾಲಯಕ್ಕೆ, ನೆಲ ತೊಳೆಯಲು ತಿರುಗಿಸಿ.

ಇನ್ನು ಮಳೆ. ಒಂದು ಮನೆ, ಒಂದು ಶಾಲೆಯ ಮಟ್ಟದಲ್ಲಿ ಇದನ್ನು ಮೀರಿಸುವ ಆಯ್ಕೆಯೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. 30ಕ್ಕೆ 36 ಅಡಿಯ ಟಾರಸಿ ಎಂದರೆ 100 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು ಐದರಲ್ಲಿ ನಾಲ್ಕು ಪಾಲು ಸಿಕ್ಕರೆ 56,000 ಲೀಟರ್. ಪಾವಗಡದ ಕಡೆ ಮಳೆ ಇದಕ್ಕಿಂತ ಕಡಿಮೆ. 500 ಮಿಲಿಮೀಟರ್ ಎಂದೇ ಹಿಡಿದರೂ 40,000. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಸಂಪು ತುಂಬಿಸಿಕೊಂಡರೆ ಡಿಸೆಂಬರಿನಿಂದ ಮೇವರೆಗಿನ ಆರು ತಿಂಗಳಿಗೆ 4,500 ಲೀಟರ್ ಸಾಕು. 8,000 ಲೀಟರಿನ ಸಂಪು ಕಟ್ಟಿದರೆ ಒಂದು ಮಳೆ ಕೈಕೊಟ್ಟರೂ ನಿಭಾಯಿಸಬಹುದು. ಈ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು, ರಿಜೆಕ್ಟ್ ಇಲ್ಲ, ಕರೆಂಟಿಲ್ಲ. ಮೊದಲ ಮಳೆಯ 100ರಿಂದ 200 ಲೀಟರ್ ಹೊರಗೆ ಬಿಡುವ ಪೈಪು, ಜಲ್ಲಿ-ಮರಳು-ಇದ್ದಿಲಿನ ಫಿಲ್ಟರು, ಬೆಳಕು ಬೀಳದ ಮುಚ್ಚಳ, ಸೊಳ್ಳೆ ಹೋಗದ ಜಾಲರಿ ಇವು ಕಡ್ಡಾಯ. ಸಾವಿರ ಲೀಟರಿಗೆ 4 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಹಾಕಿ. ತೆರೆದಿಟ್ಟ ಹಳೇ ಪೊಟ್ಟಣದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ.

ಬೆಂಗಳೂರಿನಿಂದ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಮೂಲಕ ಕೆರೆಗಳಿಗೆ ಬರುವ ಸಂಸ್ಕರಿಸಿದ ನೀರು ಅಂತರ್ಜಲ ತುಂಬಿಸಲು ತಂದದ್ದು. ಅದನ್ನು ನೇರವಾಗಿ ಕುಡಿಯಲೂ ಬಳಸಬೇಡಿ, ಎಲೆಕ್ಟ್ರೋಲೈಸರ್‌ಗೂ ಕೊಡಬೇಡಿ; ಅದರಲ್ಲಿರುವ ಸಾವಯವ ಕಲ್ಮಷ ಮೆಂಬ್ರೇನಿಗೆ ಲೋಳೆ ಹಿಡಿಸುತ್ತದೆ.

ರಾತ್ರಿಯ ಕರೆಂಟಿಗೆ

ಒಂದು ಆರೋಗ್ಯ ಉಪಕೇಂದ್ರ, ಲಸಿಕೆಯ ಫ್ರಿಜ್ಜು, ದೀಪ, ಫ್ಯಾನು, ಒಂದು ಸಣ್ಣ ಮೋಟರು ಸೇರಿ ರಾತ್ರಿಗೆ 10 ಯೂನಿಟ್ ಬೇಕೆನ್ನಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 51.2 ವೋಲ್ಟ್, 250 ಆಂಪಿಯರ್-ಅವರ್‌ನ ಒಂದು ಪ್ಯಾಕು, 3 ಕಿಲೋವ್ಯಾಟ್ ಸೋಲಾರ್. ಟ್ಯೂಬ್ಯುಲರ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 150 ಆಂಪಿಯರ್-ಅವರ್‌ನ 12 ಬ್ಯಾಟರಿ. ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡುವವರು ಇದ್ದರೆ ಮಾತ್ರ.

ಹೈಡ್ರೋಜನ್ ಆದರೆ 0.63 ಕಿಲೋ ಅನಿಲ, ಅದಕ್ಕೆ 34 ಯೂನಿಟ್, 8 ಕಿಲೋವ್ಯಾಟ್ ಸೋಲಾರ್. ಅಷ್ಟು ಅನಿಲವನ್ನು 30 ಬಾರ್ ಒತ್ತಡದಲ್ಲಿ ಇಡಲು 260 ಲೀಟರಿನ ಟ್ಯಾಂಕು. ಬೆಳಗಾಗುವ ಹೊತ್ತಿಗೆ ಸಿಗುವ ನೀರು ಮೂರರಿಂದ ನಾಲ್ಕು ಲೀಟರ್, ಅರ್ಧ ಬಿಂದಿಗೆಯೂ ಇಲ್ಲ. ಬ್ಯಾಟರಿಯನ್ನು ಆರಿಸಿ. ಲೈನು ಇರುವ ಊರಾದರೆ ಬೆಸ್ಕಾಂ ಸಂಪರ್ಕವನ್ನೂ ಉಳಿಸಿಕೊಳ್ಳಿ.

ಲೆಕ್ಕ ತಿರುಗುವುದು ಎಲ್ಲಿ? ಬ್ಯಾಟರಿಯಲ್ಲಿ ಏಳು ದಿನದ ಕರೆಂಟು ಇಡಬೇಕಾದರೆ ಏಳು ಪಟ್ಟು ಬ್ಯಾಟರಿ ಬೇಕು. ಹೈಡ್ರೋಜನ್‌ನಲ್ಲಿ ಎಲೆಕ್ಟ್ರೋಲೈಸರ್, ಫ್ಯೂಯೆಲ್ ಸೆಲ್ ಹೆಚ್ಚುಕಡಿಮೆ ಅಷ್ಟೇ ಇದ್ದು ಟ್ಯಾಂಕು ಮಾತ್ರ ದೊಡ್ಡದಾಗುತ್ತದೆ. ಹಾಗಾಗಿ ತಂತಿಯೇ ತಲುಪದ, ವಾರಗಟ್ಟಲೆ ಮೋಡ ಕವಿಯುವ, ಡೀಸೆಲ್ ಹೊತ್ತೊಯ್ಯಲಾಗದ ಗುಡ್ಡದ ತುದಿಯ ಟವರಿನಂಥ ಜಾಗಕ್ಕೆ ಅದು ಹೊಂದೀತು. ಉಪಕಾರಿಯಾದ ಇನ್ನೊಂದು ಜಾಗ ಇಂಜಿನಿಯರಿಂಗ್ ಕಾಲೇಜು: ಕಲಿಸುವುದಕ್ಕೆ ಒಂದು ಕಿಲೋವ್ಯಾಟಿನ ಯಂತ್ರ ಸಾಕು. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ ಇಟ್ಟಿದೆ. ಅದರ ದೊಡ್ಡ ಗ್ರಾಹಕರು ಗೊಬ್ಬರ, ತೈಲ ಶುದ್ಧೀಕರಣ, ಉಕ್ಕಿನ ಕಾರ್ಖಾನೆಗಳು. ಆ ಯಂತ್ರಗಳನ್ನು ನಡೆಸಬಲ್ಲ ಹುಡುಗ ಹುಡುಗಿಯರು ನಮ್ಮ ಜಿಲ್ಲೆಗಳಿಂದಲೂ ಹೊರಡಬೇಕು.

ಹಾಕುವುದೇ ಆದರೆ

ನೀರಿನ ದಾರಿ ಹೀಗಿರಲಿ: ಬೋರು ಅಥವಾ ಮಳೆಸಂಪು, ಆರ್‌ಓ, ಅದರ ನೀರಿಗೆ ಇನ್ನೊಂದು ಆರ್‌ಓ, ಆಮೇಲೆ ಉಳಿದ ಲವಣದ ಅಯಾನುಗಳನ್ನು ಹಿಡಿಯುವ ಮಿಕ್ಸೆಡ್ ಬೆಡ್ ರೆಸಿನ್. ಮೊದಲ ಆರ್‌ಓ ನೀರಿನ ವಾಹಕತೆ ಸೆಂಟಿಮೀಟರಿಗೆ ಸುಮಾರು 80-100 ಮೈಕ್ರೋಸೀಮನ್ಸ್. ಯಂತ್ರ ಕೇಳುವುದು 1ಕ್ಕಿಂತ ಕಡಿಮೆ. ಮಳೆನೀರಿನಿಂದ ಶುರುಮಾಡಿದರೆ ರೆಸಿನ್ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ರೆಸಿನ್ ನಂತರ ಒಂದು ವಾಹಕತೆ ಮೀಟರು, ಮಿತಿ ಮೀರಿದರೆ ಯಂತ್ರವನ್ನು ತಾನೇ ನಿಲ್ಲಿಸುವ ಸಂಪರ್ಕ. ಇದೊಂದು ಇಲ್ಲದಿದ್ದರೆ ಕ್ಯಾಲ್ಸಿಯಂ, ಕಬ್ಬಿಣದ ಅಯಾನುಗಳು ಯಂತ್ರದ ಎರಡು ವಿದ್ಯುದ್ವಾರಗಳ ನಡುವಿನ ಪೊರೆಯೊಳಗೆ ಪ್ರೋಟಾನಿನ ಜಾಗ ಹಿಡಿದು ಕೂರುತ್ತವೆ, ಅಲ್ಲಿಂದ ಅವನ್ನು ಬಿಡಿಸುವುದು ಬಲು ಕಷ್ಟ. ಶುದ್ಧ ನೀರಿಗೆ ಪ್ಲಾಸ್ಟಿಕ್ ಟ್ಯಾಂಕೇ ಆಗಬೇಕು. ಸಿಮೆಂಟ್ ತೊಟ್ಟಿ, ಜಿಐ ಪೈಪು ನೀರನ್ನು ಮತ್ತೆ ಕೆಡಿಸುತ್ತವೆ.

ಹಳೇ ಮಾದರಿಯ ಆಲ್ಕಲೈನ್ ಯಂತ್ರ ಅಗ್ಗ, ಗಟ್ಟಿ. ಆದರೆ ಆಗಸ್ಟಿನ ಮೋಡದಲ್ಲಿ ಸೋಲಾರ್ ಕಾಲು ಭಾಗಕ್ಕೆ ಇಳಿದಾಗ ಹೈಡ್ರೋಜನ್ ಆಕ್ಸಿಜನ್ನಿನ ಬದಿಗೆ ಸೋರಿ ಬೆರೆಯುವ ಅಪಾಯವಿದೆ, ಆಗ ಯಂತ್ರವನ್ನು ನಿಲ್ಲಿಸಲೇಬೇಕು. ಅದರಲ್ಲಿರುವ ನೂರಕ್ಕೆ 25-30ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಪಕ್ಕದಲ್ಲೇ ಧಾರೆಯಾಗಿ ಹರಿಯುವ ನಲ್ಲಿ ಇರಲಿ. ಕ್ಷಾರದ ಬದಲು ಪ್ರೋಟಾನನ್ನು ದಾಟಿಸುವ ಪೊರೆ ಇರುವ, ಪ್ರೋಟಾನ್ ಪೊರೆಯ ಯಂತ್ರ ಏರಿಳಿತವನ್ನು ಸಲೀಸಾಗಿ ತಾಳುತ್ತದೆ, ಬೆಲೆ ಹೆಚ್ಚು.

ಹೈಡ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹಗಲಲ್ಲಿ ಅದರ ಉರಿಯೂ ಕಾಣದು. ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹತ್ತುತ್ತದೆ. ಸ್ವಿಚ್ಚಿನ ಕಿಡಿ ಸಾಕು. ಆದ್ದರಿಂದ ಆರ್‌ಸಿಸಿ ಕೋಣೆ ಬೇಡ. ಮೇಲುಗಡೆ ಗಾಳಿ ಹೋಗಲು ಉದ್ದಕ್ಕೂ ಬಾಯಿ ಬಿಟ್ಟ ಶೀಟಿನ ಶೆಡ್ಡು ಕಟ್ಟಿ, ಸೆನ್ಸರನ್ನು ಮಾಡಿನ ತುದಿಯಲ್ಲಿ ಕೂರಿಸಿ, ನೂರಕ್ಕೆ 1 ತಲುಪಿದಾಗಲೇ ಗಂಟೆ ಹೊಡೆಯುವಂತೆ ಇಡಿ. ಪೈಪು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಮೊದಲ ಸಲ ತುಂಬುವ ಮುನ್ನ ನೈಟ್ರೋಜನ್ ಹಾಯಿಸಿ ಗಾಳಿ ಹೊರಹಾಕಿ. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಆಕ್ಸಿಜನ್ ಬಿಡುವ ಪೈಪಿನ ಬಳಿ ಗ್ರೀಸು, ಎಣ್ಣೆಬಟ್ಟೆ ಇರಕೂಡದು. ಒತ್ತಡದ ಟ್ಯಾಂಕು, ಸಿಲಿಂಡರುಗಳಿಗೆ 2016ರ ನಿಯಮಗಳಂತೆ ಪೆಸೊ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ) ಸಂಸ್ಥೆಯ ಅನುಮತಿ ಬೇಕು. ಅದು ಕೈಗೆ ಬರುವ ಮೊದಲು ಟ್ಯಾಂಕು ಇಳಿಸಿಕೊಳ್ಳಬೇಡಿ.

ಫ್ಯೂಯೆಲ್ ಸೆಲ್‌ಗೆ ಜಾಗ ಆರಿಸುವಾಗ ಅದು ಉಸಿರಾಡುವ ಗಾಳಿಯನ್ನು ನೆನೆಯಿರಿ. ದನದ ಕೊಟ್ಟಿಗೆಯ, ಕೋಳಿ ಫಾರಂನ ಅಮೋನಿಯಾ ಅದರ ಪೊರೆಯನ್ನು ಕೆಡಿಸುತ್ತದೆ. ಕ್ರಷರ್ ಧೂಳು ಗಾಳಿಯ ಫಿಲ್ಟರನ್ನು ಮುಚ್ಚುತ್ತದೆ. ಡೇರಿಯ ಹಿಂದಿನ ಖಾಲಿ ಜಾಗ ಅನುಕೂಲವಾಗಿ ಕಂಡರೂ ಅದು ಬೇಡ.

ಯಂತ್ರ ಮಾರುವವರು ಬಂದಾಗ ಬರಹದಲ್ಲಿ ಉತ್ತರ ಕೇಳಿ. ಗೋಡೆಯ ಮೀಟರಿನಿಂದ ಅಳೆದಂತೆ ಒಂದು ಕಿಲೋ ಹೈಡ್ರೋಜನ್ನಿಗೆ ಒಟ್ಟು ಎಷ್ಟು ಯೂನಿಟ್? ಪಂಪು, ಚಿಲ್ಲರ್, ಡ್ರೈಯರ್ ಸೇರಿಸಿಯೇ ಹೇಳಬೇಕು. 38 ಡಿಗ್ರಿ ಬಿಸಿಲಿನಲ್ಲಿ ಒಂದು ಕಿಲೋಗೆ ಎಷ್ಟು ಲೀಟರ್ ನೀರು ಹಿಡಿಯಲು ಸಿಗುತ್ತದೆ? ರೆಸಿನ್ ಎಷ್ಟು ಸಾವಿರ ಲೀಟರಿಗೆ ಮುಗಿಯುತ್ತದೆ, ಹೊಸದು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತದೆ? ಸ್ಟ್ಯಾಕ್, ಅಂದರೆ ಯಂತ್ರದೊಳಗಿನ ಸೆಲ್‌ಗಳ ಕಟ್ಟು, ಎಷ್ಟು ಗಂಟೆಗೆ ನೂರಕ್ಕೆ ಹತ್ತು ಕುಗ್ಗುತ್ತದೆ, ಆ ಖಾತರಿ ಬೋರಿನ ನೀರಿಗೂ ಸಲ್ಲುತ್ತದೆಯೇ?

ಫ್ಯೂಯೆಲ್ ಸೆಲ್ ನೀರನ್ನು ಕುಡಿಯಲು ಕೊಡುವುದಾದರೆ ಇನ್ನೊಂದು ಮಾತು. ಅಪೊಲೊ ನೌಕೆಗಳಲ್ಲಿ ಚಂದ್ರನತ್ತ ಹೋದವರು ಈ ನೀರನ್ನೇ ಕುಡಿದರು. ಅದರಲ್ಲಿ ಹೈಡ್ರೋಜನ್ ಗುಳ್ಳೆ ಬೆರೆತು ಹೊಟ್ಟೆಯುಬ್ಬರದ ತೊಂದರೆಯೂ ಇತ್ತು. ಆದ್ದರಿಂದ ತೆರೆದ ಬಾಯಿಯ ತೊಟ್ಟಿಯಲ್ಲಿ ಅನಿಲ ಹೋಗಲು ಬಿಟ್ಟು, ಆಮೇಲೆ ಸುಣ್ಣದಕಲ್ಲಿನ ಚೂರು ತುಂಬಿದ ಫಿಲ್ಟರಿನಲ್ಲಿ ಹಾಯಿಸಿ ಖನಿಜ ಸೇರಿಸಬೇಕು. ಏನೂ ಕರಗಿರದ ನೀರು ಪೈಪಿನ ಲೋಹವನ್ನೇ ಕರಗಿಸಿಕೊಳ್ಳುತ್ತದೆ. ಪ್ರೋಟಾನ್ ಪೊರೆ ಫ್ಲೋರಿನ್ ಇರುವ ಪ್ಲಾಸ್ಟಿಕ್ಕಿನದು. ಅದು ಸವೆಯುವಾಗ ಹೊರಬರುವ ನೀರಿಗೆ ಅತ್ಯಲ್ಪ ಪ್ರಮಾಣದ ಫ್ಲೋರೈಡ್ ಬಿಡುತ್ತದೆ, ಎಷ್ಟರಮಟ್ಟಿಗೆಂದರೆ ಪೊರೆ ಎಷ್ಟು ಸವೆದಿದೆ ಎಂದು ತಿಳಿಯಲು ಇಂಜಿನಿಯರುಗಳು ಆ ನೀರಿನ ಫ್ಲೋರೈಡನ್ನೇ ಅಳೆಯುತ್ತಾರೆ. ಫ್ಲೋರೈಡ್ ತಪ್ಪಿಸಲೆಂದೇ ದುಡ್ಡು ಹಾಕುವ ನಮ್ಮ ಊರುಗಳಲ್ಲಿ ಇದನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಫ್ಲೋರೈಡ್, ನಿಕ್ಕಲ್, ಕ್ರೋಮಿಯಂ, ಪಿಎಚ್ ನಾಲ್ಕರ ಪ್ರಯೋಗಾಲಯದ ವರದಿ, ಹೊಸ ಯಂತ್ರದ್ದೊಂದು, ಆರು ತಿಂಗಳು ಓಡಿದ ಮೇಲಿನದೊಂದು, ಕೈಗೆ ಬರುವ ತನಕ ಆ ನಲ್ಲಿಯ ಕೆಳಗೆ ಬಿಂದಿಗೆ ಇಡಬೇಡಿ.